ನಳ ಬರುವ ದಿನದ ಬೆಳಗು

ಕಲಬುರಗಿಯ ನನ್ನ ಬಾಡಿಗೆ ಕೋಣೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದೆ. ಹಸಿರು ಸ್ಕೆಚ್ ಪೆನ್ನಿನಲ್ಲಿ ಬರೆದ ಹನ್ನೆರಡು ಸಾಲು. 4.30ಕ್ಕೆ ಏಳುವುದು, 4.35ಕ್ಕೆ ಬಿಸಿನೀರು, 4.45ಕ್ಕೆ ಧ್ಯಾನ, 5.05ಕ್ಕೆ ಸೂರ್ಯ ನಮಸ್ಕಾರ, 5.30ಕ್ಕೆ ಕೃತಜ್ಞತೆಯ ಡೈರಿ... ಹೀಗೆ ಏಳು ಗಂಟೆಯವರೆಗೆ ನಿಮಿಷ ನಿಮಿಷಕ್ಕೂ ಒಂದೊಂದು ಕೆಲಸ. ಯಾವುದೋ ರೀಲ್ಸ್‌ ನೋಡಿ ಇಳಿಸಿಕೊಂಡದ್ದು. ಅದರಲ್ಲಿ ಒಬ್ಬ ಹುಡುಗಿ ಬಿಳಿ ಪರದೆಯ ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿದ್ದಳು. ಹಿಂದೆ ಮೆಲುದನಿಯ ಪಿಯಾನೊ.

ಮೊದಲ ದಿನ ಹನ್ನೆರಡೂ ಮಾಡಿದೆ. ಎರಡನೇ ದಿನ ಎಂಟು. ಮೂರನೇ ದಿನ ನಳ ಬಂತು.

ನಮ್ಮ ಓಣಿಗೆ ಆಗ ನಾಲ್ಕು ದಿನಕ್ಕೊಮ್ಮೆ ನೀರು. ಬೆಳಗಿನ ಜಾವ ಬಂದರೆ ಒಂದು ತಾಸು, ಬಹಳವೆಂದರೆ ಒಂದೂವರೆ ತಾಸು. ಮೂವರು ಹುಡುಗಿಯರ ಕೋಣೆ, ಒಂದು ಡ್ರಮ್ಮು, ಆರು ಕೊಡ, ನಾಲ್ಕು ಬಕೆಟ್. 4.45ಕ್ಕೆ ನಾನು ಪದ್ಮಾಸನ ಹಾಕಿ ಕೂತಿದ್ದೆ. ಕೆಳಗಿನಿಂದ ಮಾಲಕರ ಮನೆಯ ಅಕ್ಕ, 'ನಳ ಬಂದಾವ್ರೇ, ಎದ್ದೀರೇನು?' ಎಂದು ಕೂಗಿದರು. ಕಣ್ಣು ಮುಚ್ಚಿಕೊಂಡೇ ಉಸಿರು ಎಣಿಸಲು ನೋಡಿದೆ. ರೂಮ್‌ಮೇಟ್ ಬಂದು ಭುಜ ಅಲ್ಲಾಡಿಸಿ, 'ನಿನ್ನ ಧ್ಯಾನ ನಾಳಿಗಿ ಮಾಡಕಿ, ಕೊಡ ಹಿಡಿ' ಎಂದಳು. ಡ್ರಮ್ಮು ತುಂಬಿಸಿ ಮೇಲೆ ಬರುವಷ್ಟರಲ್ಲಿ 6.10. ಪಟ್ಟಿಯ ಪ್ರಕಾರ ನಾನು ಏಳು ಕೆಲಸ ಹಿಂದೆ ಬಿದ್ದಿದ್ದೆ. ಬೆಳಗಾಗುವ ಮೊದಲೇ ಸೋತ ಭಾವನೆ. ಸಿಟ್ಟು ಯಾರ ಮೇಲೆಂದು ತಿಳಿಯದೆ ಪಟ್ಟಿಯನ್ನೇ ಹರಿದು ಹಾಕಿದೆ.

ಈಗ ನೆನೆದರೆ ನಗು ಬರುತ್ತದೆ. ಆದರೆ ಅಂದು ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಮ್ಮೂರು ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಭೌಗೋಳಿಕ ಸೂಚಕ ಪಡೆದ ಹಣ್ಣು ನಮ್ಮದು. ಅಪ್ಪನಿಗೆ ಒಂದೂವರೆ ಎಕರೆ ಬಾಳೆ, ಉಳಿದದ್ದು ತೊಗರಿ. ಬಿ.ಎಸ್‌ಸಿ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆಂದು ಕಲಬುರಗಿಯಲ್ಲಿ ಕೋಣೆ ಹಿಡಿದೆ. ಎರಡು ವರ್ಷವಾಯಿತು. ಎಫ್‌ಡಿಎ, ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಯಾವ ಅರ್ಜಿ ಕರೆದರೂ ಹಾಕುವುದು. 371(ಜೆ) ಪ್ರಮಾಣಪತ್ರದ ಜೆರಾಕ್ಸ್‌ ಪ್ರತಿಗಳು ನನ್ನ ಚೀಲದಲ್ಲಿ ಕರ್ಚೀಫಿಗಿಂತ ಹೆಚ್ಚು ಇರುತ್ತಿದ್ದವು. ಈ ಪುಟ ಓದುವ ಅನೇಕರಿಗೆ ಇದೆಲ್ಲ ಬಿಡಿಸಿ ಹೇಳಬೇಕಿಲ್ಲ.

ಹೇಳಬೇಕಾದದ್ದು ಬೆಳಗಿನ ಬಗ್ಗೆ. ಆ ದಿನಗಳಲ್ಲಿ ನನ್ನ ಬೆಳಗು ಶುರುವಾಗುತ್ತಿದ್ದುದು ದಿಂಬಿನ ಕೆಳಗಿನ ಮೊಬೈಲ್‌ನಿಂದ. ಏಳು ಟೆಲಿಗ್ರಾಮ್ ಗುಂಪು, ಮೂರು ವಾಟ್ಸ್‌ಆ್ಯಪ್ ಗುಂಪು. ಕಣ್ಣು ಪೂರ್ತಿ ಬಿಡುವ ಮೊದಲೇ ಕೀ ಉತ್ತರ, ಕಟ್‌ಆಫ್ ಊಹೆ, ಕೋರ್ಟಿಗೆ ಹೋದವರ ಸುದ್ದಿ, ಪರೀಕ್ಷೆ ಮುಂದೆ ಹೋಗುತ್ತದೆ ಎನ್ನುವವರು, ಹೋಗುವುದಿಲ್ಲ ಎನ್ನುವವರು. ಯಾರೋ 'ನಾನು ದಿನಕ್ಕೆ 14 ತಾಸು ಓದುತ್ತೇನೆ' ಎಂದು ಬರೆದಿರುತ್ತಿದ್ದರು. ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತಿತ್ತು. ಎದೆ ಡವಡವ. ಉಪ್ಪಿಟ್ಟು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಕೂತರೆ ಸಂವಿಧಾನದ ಒಂದೇ ಪುಟವನ್ನು ನಾಲ್ಕು ಸಲ ಓದಿ, ಏನು ಓದಿದೆ ಎಂದು ಕೇಳಿಕೊಂಡರೆ ಉತ್ತರವಿಲ್ಲ. ರಾತ್ರಿ ಎರಡರವರೆಗೆ ಎಚ್ಚರ. ನಾಲ್ಕೂವರೆಗೆ ಅಲಾರಂ. ನಿದ್ದೆ ಎರಡೂವರೆ ತಾಸು. ಪಟ್ಟಿ ಬರೆಯುವಾಗ ಈ ಲೆಕ್ಕ ನನಗೆ ಹೊಳೆದಿರಲೇ ಇಲ್ಲ ನೋಡಿ. ಗಣಿತದಲ್ಲಿ ಡಿಸ್ಟಿಂಕ್ಷನ್ ಪಡೆದವಳು ನಾನು!

ಆಮೇಲೆ ಒಂದು ಫಲಿತಾಂಶ ಬಂತು. 1.25 ಅಂಕದಿಂದ ಹೆಸರು ತಪ್ಪಿತ್ತು. ಅದೇ ಬೇಸಿಗೆಯಲ್ಲಿ ಒಂದು ಸಂಜೆ ಎದ್ದ ಬಿರುಗಾಳಿಗೆ ಅಪ್ಪನ ಬಾಳೆ ಅರ್ಧ ನೆಲಕ್ಕೆ ಒರಗಿತು. ಕೆಂಪು ಬಾಳೆ ಬೇರೆ ಬಾಳೆಯಂತೆ ವರ್ಷದೊಳಗೆ ಕೈಗೆ ಬರುವುದಿಲ್ಲ, ಒಂದೂವರೆ ವರ್ಷದ ಹತ್ತಿರ ಕಾಯಬೇಕು. ಗೊನೆ ಬಿಟ್ಟ ಗಿಡ ಬಿದ್ದರೆ ಅಷ್ಟೂ ದಿನದ ನೀರು, ಗೊಬ್ಬರ, ಆಳಿನ ಕೂಲಿ ಮಣ್ಣಿಗೆ. ಅಪ್ಪ ಫೋನಿನಲ್ಲಿ ಗಾಳಿಯ ಸುದ್ದಿ ಹೇಳಿದನೇ ಹೊರತು ರೊಕ್ಕದ ಮಾತು ಎತ್ತಲಿಲ್ಲ. ನಾನೇ ಕೋಣೆ ಬಿಟ್ಟೆ. ಟ್ರಂಕು, ಪುಸ್ತಕದ ಎರಡು ಗೋಣಿಚೀಲ ತೆಗೆದುಕೊಂಡು ಊರಿಗೆ ಬಂದ ದಿನ ಅಪ್ಪ ಹೇಳಿದ್ದು ಇಷ್ಟೇ: 'ಇನ್ನೊಂದು ವರ್ಷ ನೋಡು ತಂಗಿ. ಆಮ್ಯಾಲ ನೋಡೋಣ.' ಆ 'ಆಮ್ಯಾಲ'ದ ಅರ್ಥ ಗೊತ್ತಿಲ್ಲದ ಹುಡುಗಿ ನಮ್ಮ ಕಡೆ ಯಾರೂ ಇಲ್ಲ. ಬೀಗರು ಬಂದು ಹೋಗುವುದು ಶುರುವಾಗುತ್ತದೆ.

ಲಕ್ಷ್ಯ

2018ರಲ್ಲಿ ರಾಬಿನ್ ಶರ್ಮಾ ಅವರ 'ದಿ 5 ಎಎಂ ಕ್ಲಬ್' ಎಂಬ ಪುಸ್ತಕ ಬಂತು. ಬೆಳಗಿನ ಐದಕ್ಕೆ ಎದ್ದವರು ಬದುಕು ಗೆಲ್ಲುತ್ತಾರೆ ಎನ್ನುವ ಪುಸ್ತಕ. ನಮ್ಮ ಓಣಿಯ ಹೆಂಗಸರೆಲ್ಲ ಈ ಕ್ಲಬ್ಬಿನ ಸದಸ್ಯರೇ, ಶುಲ್ಕವಿಲ್ಲದೆ, ಮದುವೆಯಾದ ದಿನದಿಂದ. ಅವ್ವ ಐದಕ್ಕೆ ಏಳುತ್ತಾಳೆ. ಕಸ ಹೊಡೆದು, ಅಂಗಳಕ್ಕೆ ಥಳಿ ಹೊಡೆದು, ರಂಗೋಲಿ ಎಳೆದು, ಎಮ್ಮೆ ಹಿಂಡಿ, ಒಲೆ ಹಚ್ಚುವಷ್ಟರಲ್ಲಿ ಆರು. ಅವಳು ಏನು ಗೆದ್ದಿದ್ದಾಳೆ ಎಂದು ಆ ಪುಸ್ತಕದವರನ್ನು ಕೇಳಬೇಕೆನಿಸುತ್ತದೆ. ಅಪ್ಪನ ಬೆಳಗಂತೂ ಗಡಿಯಾರಕ್ಕೇ ಸೇರಿದ್ದಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೇ ಬ್ಯಾಟರಿ ಹಿಡಿದು ಹೊಲಕ್ಕೆ. 'ಕರೆಂಟ್ ಬಂದಾಗೇ ನಮ್ಮ ಮುಂಜಾನಿ' ಎನ್ನುತ್ತಾನೆ.

ಹಾಗಾಗಿ ಊರಿಗೆ ಬಂದ ಮೇಲೆ 'ಬೆಳಗಿನ ದಿನಚರಿ' ಎಂಬ ಮಾತು ನನಗೆ ನಾಚಿಕೆಯಂತೆ ಕಂಡಿತು. ಆದರೆ ಎದೆ ಡವಡವ ಎನ್ನುವುದು ನಿಂತಿರಲಿಲ್ಲ. ಎದ್ದ ಕೂಡಲೇ ಮೊಬೈಲ್ ಹುಡುಕುವುದೂ. ಒಂದು ದಿನ ಅವ್ವ ಕೇಳಿದಳು: 'ಮುಂಜಾನೆದ್ದು ಅದರ ಮಾರಿ ಯಾಕ್ ನೋಡ್ತಿ? ಅದ್ರಾಗ ನಿನ್ನ ಹೆಸರು ಬರದಿಟ್ಟಾರೇನು?' ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಮೊಬೈಲ್ ತೆಗೆದುಕೊಂಡು ಹೋಗಿ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು, 'ಬಾ, ರೊಟ್ಟಿ ಬಡಿ' ಎಂದಳು.

ನನಗೆ ರೊಟ್ಟಿ ಬಡಿಯಲು ಬರುತ್ತದೆ, ಆದರೆ ಅವ್ವನ ಹಾಗಲ್ಲ. ಕುದಿಯುವ ನೀರು ಹಾಕಿ ಹಿಟ್ಟು ನಾದಬೇಕು, ಬಿಸಿ ಇರುವಾಗಲೇ ಮಿದಿಯಬೇಕು, ಉಂಡೆಯನ್ನು ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ಹೋಗಬೇಕು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಮನಸ್ಸು ಕಟ್‌ಆಫ್ ಕಡೆಗೆ ಹೋಯಿತೋ, ಅಂಚು ಸೀಳಿತು. ಮೊದಲ ಮೂರು ರೊಟ್ಟಿ ಸೀಳಿದವು. 'ಕೈಯಾಗ ಲಕ್ಷ್ಯ ಇರಲಿ' ಎಂದಳು ಅವ್ವ, ಹಂಚಿನ ಮೇಲಿನ ರೊಟ್ಟಿಗೆ ಅರಿವೆಯಿಂದ ನೀರು ಸವರುತ್ತ. ನಾಲ್ಕನೆಯದು ದುಂಡಗೆ ಬಂತು. ಒಂಬತ್ತು ರೊಟ್ಟಿ ಮುಗಿಯುವ ಹೊತ್ತಿಗೆ ಅರ್ಧ ತಾಸು ಕಳೆದಿತ್ತು, ಆ ಅರ್ಧ ತಾಸು ನಾನು ಪರೀಕ್ಷೆಯ ಬಗ್ಗೆ ಯೋಚಿಸಿರಲಿಲ್ಲ. ತಿಂಗಳುಗಳಲ್ಲಿ ಮೊದಲ ಸಲ.

ಇಂಗ್ಲಿಷಿನವರು 'ಮೈಂಡ್‌ಫುಲ್‌ನೆಸ್' ಎನ್ನುವುದಕ್ಕೆ ಪತ್ರಿಕೆಗಳಲ್ಲಿ ಒಬ್ಬೊಬ್ಬರು ಒಂದೊಂದು ಕನ್ನಡ ಪದ ಬಳಸುತ್ತಾರೆ. ನನಗೆ ಅವ್ವನ 'ಲಕ್ಷ್ಯ' ಸಾಕು. ಈ ಮಾತಿಗೆ ಮೂಲವಾದ ಪಾಲಿ ಭಾಷೆಯ ಪದ 'ಸತಿ'. ನಮ್ಮ ಜಿಲ್ಲೆಯವರಿಗೆ ಅದು ದೂರದ ವಿಷಯವೇನಲ್ಲ. ಭೀಮಾ ತೀರದ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪವಿದೆ, ಅಲ್ಲಿ ಸಿಕ್ಕ ಶಿಲ್ಪವೊಂದರಲ್ಲಿ ಅಶೋಕನ ಹೆಸರೇ ಬ್ರಾಹ್ಮಿ ಲಿಪಿಯಲ್ಲಿದೆ. ಕಲಬುರಗಿಯಲ್ಲಿ ವಿಶ್ವವಿದ್ಯಾಲಯದ ಹತ್ತಿರದ ಬುದ್ಧ ವಿಹಾರ 2009ರಲ್ಲಿ ಉದ್ಘಾಟನೆಯಾದದ್ದು. ಓದುವ ಹುಡುಗರು ಸಂಜೆ ಅಲ್ಲಿಗೆ ಹೋಗಿ ಸೆಲ್ಫಿ ತೆಗೆದುಕೊಂಡು ಬರುತ್ತೇವೆ, ನಾನೂ ಹೋಗಿದ್ದೇನೆ. ಎಷ್ಟೋ ಸಲ ಹೋಗಿಯೂ ಒಳಗೆ ಐದು ನಿಮಿಷ ಸುಮ್ಮನೆ ಕೂತಿರಲಿಲ್ಲ ಎನ್ನುವುದು ಊರಿಗೆ ಬಂದ ಮೇಲೆ ನೆನಪಾಯಿತು. ಅಮೆರಿಕದ ಜಾನ್ ಕಬಟ್-ಜಿನ್ ಎಂಬವರು 1979ರಲ್ಲಿ ಮ್ಯಾಸಚೂಸೆಟ್ಸ್‌ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಇದೇ ಅಭ್ಯಾಸವನ್ನು ರೋಗಿಗಳಿಗೆ ಕಲಿಸಲು ಶುರು ಮಾಡಿದರು. ಅಲ್ಲಿಂದ ಅದು ಕಂಪನಿಗಳಿಗೆ, ಆ್ಯಪ್‌ಗಳಿಗೆ, ಕೊನೆಗೆ ನನ್ನ ಹಸಿರು ಪಟ್ಟಿಗೆ ಬಂತು.

ಇನ್ನೊಂದು ನೆನಪು. ನಮ್ಮ ಆಯಿ ಇದ್ದಾಗ ದಿನಾ ಬೆಳಿಗ್ಗೆ ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಅದನ್ನೇ ನೋಡುತ್ತ ಕೂಡುತ್ತಿದ್ದಳು. ನಾವು ಮಕ್ಕಳು ಎದುರಿಗೆ ಮಂಗಚೇಷ್ಟೆ ಮಾಡಿ ನಗಿಸಲು ನೋಡುತ್ತಿದ್ದೆವು. ಅವಳ ಕಣ್ಣು ಕದಲುತ್ತಿರಲಿಲ್ಲ. ಮುಗಿದ ಮೇಲೆ ಎದ್ದು ಬಂದು ಬೆನ್ನಿಗೆ ಸರಿಯಾಗಿ ಒಂದು ಕೊಡುತ್ತಿದ್ದಳು, ಆ ಮಾತು ಬೇರೆ.

ದೇಹದ ಲೆಕ್ಕ

ವಿಜ್ಞಾನದ ವಿದ್ಯಾರ್ಥಿನಿ, ಆದ್ದರಿಂದ ಯಾಕೆ ಹೀಗೆ ಎಂದು ಓದಿ ನೋಡಿದೆ. ನಮ್ಮ ದೇಹದೊಳಗೆ ಸುಮಾರು 24 ತಾಸಿನ ಗಡಿಯಾರವಿದೆ. ಅದರ ಜೀವಕೋಶ ಮಟ್ಟದ ಯಂತ್ರವನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್ಬಾಷ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು (ಸಾಮಾನ್ಯ ಜ್ಞಾನದ ಪತ್ರಿಕೆಗೂ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ). ಈ ಗಡಿಯಾರವನ್ನು ದಿನಾ ಸರಿಹೊಂದಿಸುವ ಮುಖ್ಯ ಕೀಲಿ ಬೆಳಕು. ಕೋಣೆಯ ದೀಪದ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ಹೊರಗಿನ ಹಗಲು ಬೆಳಕು ಹತ್ತಾರು ಸಾವಿರ ಲಕ್ಸ್ ಮುಟ್ಟುತ್ತದೆ. ಅಂದರೆ ಒಳಗೆ ಟ್ಯೂಬ್‌ಲೈಟ್ ಹಚ್ಚಿಕೊಂಡು 4.45ಕ್ಕೆ ಕಣ್ಣು ಮುಚ್ಚಿ ಕೂಡುವುದಕ್ಕಿಂತ, ಹೊತ್ತು ಮೂಡಿದ ಮೇಲೆ ಅಂಗಳದ ಕಟ್ಟೆಯ ಮೇಲೆ ಚಹಾ ಹಿಡಿದು ಕೂಡುವುದು ಗಡಿಯಾರಕ್ಕೆ ಹೆಚ್ಚು ಉಪಕಾರ. ನಮ್ಮ ಕಡೆ ಸೂರ್ಯ ಕಾಣಲು ಜನವರಿಯಲ್ಲಿ ಏಳು ಗಂಟೆ ಹತ್ತಿರವಾಗುತ್ತದೆ. ಮೇ ಕೊನೆಯಲ್ಲಿ ಪೌಣೆ ಆರಕ್ಕೇ ಹಾಜರ್.

ಇನ್ನೊಂದು ಸಂಗತಿ ನನ್ನ ಡವಡವಕ್ಕೆ ಸಂಬಂಧಿಸಿದ್ದು. ಎದ್ದ ಮೊದಲ 30ರಿಂದ 45 ನಿಮಿಷಗಳಲ್ಲಿ ಹೆಚ್ಚಿನವರ ದೇಹದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ತಾನಾಗಿಯೇ ಏರುತ್ತದೆ. ಅದು ರೋಗವಲ್ಲ, ದಿನಕ್ಕೆ ಮೈ ಸಿದ್ಧವಾಗುವ ರೀತಿ. ನಾನು ಸರಿಯಾಗಿ ಅದೇ ಹೊತ್ತಿಗೆ ಹತ್ತು ಗುಂಪುಗಳ ಗಾಬರಿಯನ್ನು ಅದರ ಮೇಲೆ ಸುರಿಯುತ್ತಿದ್ದೆ. ಉರಿಯುವ ಒಲೆಗೆ ಸೀಮೆಎಣ್ಣೆ.

ರೂಢಿ ಬೀಳಲು 21 ದಿನ ಸಾಕು ಎಂದು ರೀಲ್ಸ್‌ನವರು ಹೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅವಧಿ 18ರಿಂದ 254 ದಿನಗಳವರೆಗೆ ಹರಡಿತ್ತು, ನಡುವಿನ ಅಂದಾಜು 66 ದಿನ. ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ರೂಢಿಯಾಗುತ್ತದೆ, ವ್ಯಾಯಾಮ ತಡವಾಗಿ. ನನಗೆ ಹಿಡಿಸಿದ್ದು ಅದರ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳುವುದಿಲ್ಲ. ಇದನ್ನು ನಾನು ಆ ಮೂರನೇ ದಿನ ಓದಿದ್ದರೆ ಪಟ್ಟಿ ಹರಿಯುತ್ತಿರಲಿಲ್ಲವೇನೋ. ಅಥವಾ ಹನ್ನೆರಡರ ಪಟ್ಟಿಯನ್ನು ಎರಡಕ್ಕೆ ಇಳಿಸುತ್ತಿದ್ದೆ.

ತಮ್ಮನ ಜೊತೆ ಒಪ್ಪಂದ

ಈಗ ನನ್ನ ಬೆಳಗಿನಲ್ಲಿ ಇರುವುದು ಮೂರೇ ಸಂಗತಿ. ಮೊಬೈಲ್ ರಾತ್ರಿ ಹತ್ತೂವರೆಗೆ ಹಿಟ್ಟಿನ ಡಬ್ಬಿಯ ಮೇಲೆ ಹೋಗುತ್ತದೆ, ಬೆಳಿಗ್ಗೆ ಬಸ್ ಹತ್ತುವವರೆಗೆ ಅಲ್ಲಿಯೇ. ಏಳಲು ಎಚ್‌ಎಂಟಿಯ ಹಳೇ ಅಲಾರಂ ಗಡಿಯಾರ ಇದೆ, ಅದರ ಸದ್ದಿಗೆ ಎಮ್ಮೆಯೂ ಏಳುತ್ತದೆ. ಅವ್ವನ ಜೊತೆ ರೊಟ್ಟಿ. ಆಮೇಲೆ ಕಟ್ಟೆಯ ಮೇಲೆ ಒಂದು ಕಪ್ ಚಹಾ ಮುಗಿಯುವವರೆಗೆ ಕೂಡುವುದು, ಬೇರೇನೂ ಮಾಡದೆ.

ಈ ಮೂರನೆಯದು ಸುಲಭವಾಗಿ ಸಿಗಲಿಲ್ಲ. ಬರೆಯಬೇಕೆಂದು ಕೂತದ್ದೇ ಇದಕ್ಕಾಗಿ. ಮನೆಯಲ್ಲಿ ಬೆಳೆದ ಹುಡುಗಿ ಬೆಳಿಗ್ಗೆ ಹತ್ತು ನಿಮಿಷ ಕಟ್ಟೆಯ ಮೇಲೆ ಸುಮ್ಮನೆ ಕೂತರೆ ಓಣಿಯ ಕಣ್ಣಿಗೆ ಅದು ಸುಮ್ಮನೆ ಕೂತದ್ದಾಗಿ ಕಾಣುವುದಿಲ್ಲ. 'ಮೈಯಾಗ ಆರಾಮಿಲ್ಲೇನು?' 'ಕೆಲಸಿಲ್ಲೇನವ್ವ?' ಎಂದು ಹೋಗುವವರು ಬರುವವರು ಕೇಳುತ್ತಾರೆ. ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ಏಳೂವರೆಯವರೆಗೆ ಮಲಗಿದರೆ ಯಾರೂ ಕೇಳುವುದಿಲ್ಲ, ರಾತ್ರಿ ಓದಿರಬೇಕು ಎನ್ನುತ್ತಾರೆ. ಅವನು ರಾತ್ರಿ ಏನು ಮಾಡುತ್ತಾನೆಂದು ನನಗೆ ಗೊತ್ತು, ಬಿಜಿಎಂಐ.

ನಮ್ಮ ಮನೆಯ ನಳವೂ ದಿನಾ ಬರುವುದಿಲ್ಲ. ನಳದ ದಿನ ಕೊಡ ತುಂಬುವುದು, ಎಮ್ಮೆಗೆ ನೀರು ಹೊರುವುದು ನನ್ನ ಪಾಲಿಗಿತ್ತು. ಆ ದಿನ ಚಹಾವೂ ಇಲ್ಲ, ಕಟ್ಟೆಯೂ ಇಲ್ಲ, ಒಮ್ಮೊಮ್ಮೆ 7.15ರ ಬಸ್ಸೂ ಇಲ್ಲ. ಎರಡು ತಿಂಗಳು ಹೀಗೇ ನಡೆಯಿತು. ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ, ನೀರಿನ ಕೆಲಸ ತಮ್ಮ ಮಾಡಲಿ ಎಂದು. ತಮ್ಮ ನಕ್ಕ. ಅವ್ವ, 'ಗಂಡಹುಡುಗ ಕೊಡ ಹೊತ್ರ ಮಂದಿ ಏನಂತಾರ?' ಎಂದಳು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಮುದ್ದೆ ಮಾಡಿದ ಅನ್ನವನ್ನು ತಟ್ಟೆಯಲ್ಲಿ ಆಚೀಚೆ ಸರಿಸುತ್ತ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ, 'ನಾ ಹೊಲಕ್ಕ ನೀರು ಬಿಡ್ತೀನಿ. ಅವ ಮನಿಗಿ ತುಂಬಲಿ. ಎರಡೂ ನೀರೇ' ಎಂದ.

ಬೆಳಗಿನ ದಿನಚರಿಯ ಬಗ್ಗೆ ಬರೆಯುವವರು ಈ ಊಟದ ಮಾತುಕತೆಯ ಬಗ್ಗೆ ಬರೆಯುವುದೇ ಇಲ್ಲ. ಒಬ್ಬರು ಕಣ್ಣು ಮುಚ್ಚಿ ಕೂತರೆ ಆ ಹೊತ್ತಿನಲ್ಲಿ ಹಾಲು ಕಾಯಿಸುವವರು ಇನ್ನೊಬ್ಬರು ಇರುತ್ತಾರೆ. ಅವರು ಯಾರು ಎಂದು ಕೇಳಿಕೊಳ್ಳದೆ ಮಾಡಿದ ಧ್ಯಾನದ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಅವ್ವನಿಗೂ ಕಟ್ಟೆಯ ಮೇಲೆ ಕೂಡು ಎಂದು ಕರೆದೆ. ಮೊದಲ ವಾರ ಬರಲಿಲ್ಲ. ಈಗ ಬರುತ್ತಾಳೆ, ಆದರೆ ಕೈಯಲ್ಲಿ ಮೆಂತ್ಯ ಸೊಪ್ಪಿನ ಕಟ್ಟು ಇರಲೇಬೇಕು, ಸೋಸುತ್ತ ಕೂಡುತ್ತಾಳೆ. ಬರಿಗೈಯಲ್ಲಿ ಕೂಡಲು ಅವಳಿಗೆ ಬರುವುದಿಲ್ಲ. ನಾನು ಒತ್ತಾಯ ಮಾಡಿಲ್ಲ.

7.15ರ ಬಸ್ಸು ನನ್ನ ಓದಿನ ಜೀವ. ಕಮಲಾಪುರದಿಂದ ಕಲಬುರಗಿಗೆ 35–40 ಕಿ.ಮೀ., ಹತ್ತಿರ ಹತ್ತಿರ ಒಂದು ತಾಸು. 2023ರ ಜೂನ್ 11ರಿಂದ 'ಶಕ್ತಿ' ಯೋಜನೆ ಇರದಿದ್ದರೆ ದಿನಾ ಹೋಗಿ ಬರುವ ಖರ್ಚು ಕೋಣೆಯ ಬಾಡಿಗೆಯಷ್ಟೇ ಆಗುತ್ತಿತ್ತೇನೋ. ಕಂಡಕ್ಟರ್ ಅಣ್ಣ, 'ಆಧಾರ್ ತೋರಸ್ರಿ ಅಕ್ಕೋರೆ' ಎಂದು ಈಗಲೂ ಕೇಳುತ್ತಾರೆ, ದಿನಾ ನೋಡುವ ಮುಖವೇ ಆದರೂ. ಎಡಗಡೆಯ ಕಿಟಕಿ ಸಿಕ್ಕರೆ ಚಳಿಗಾಲದಲ್ಲಿ ಎಳೆಬಿಸಿಲು ಮುಖದ ಮೇಲೆ ಬೀಳುತ್ತದೆ. ಮಹಾಗಾಂವ್ ಕ್ರಾಸ್‌ವರೆಗೆ ಮೊಬೈಲ್ ಚೀಲದಿಂದ ತೆಗೆಯುವುದಿಲ್ಲ ಎಂದು ನಿಯಮ ಮಾಡಿಕೊಂಡಿದ್ದೇನೆ. ಅಲ್ಲಿಯವರೆಗೆ ತೊಗರಿ ಹೊಲ ನೋಡುವುದು. ಹೂ ಬಿಟ್ಟಾಗ ಹಳದಿ, ಕಾಯಿ ಕಟ್ಟಿದಾಗ ಹಸಿರು, ಕೊಯ್ದ ಮೇಲೆ ಕೂಳೆ. ಎರಡು ವರ್ಷ ಇದೇ ದಾರಿಯಲ್ಲಿ ತಿಂಗಳಿಗೊಮ್ಮೆ ಓಡಾಡಿದ್ದೆ. ಒಂದು ಹೊಲವನ್ನೂ ನೋಡಿರಲಿಲ್ಲ. ಕ್ರಾಸ್ ದಾಟಿದ ಮೇಲೆ ಅಧಿಸೂಚನೆ, ಗುಂಪು, ಪ್ರಚಲಿತ ವಿದ್ಯಮಾನ ಎಲ್ಲ ಶುರು. ಸುದ್ದಿ ಒಂದು ತಾಸು ತಡವಾಗಿ ತಿಳಿದದ್ದರಿಂದ ಇಲ್ಲಿಯವರೆಗೆ ಯಾವ ಹುದ್ದೆಯೂ ಕೈತಪ್ಪಿಲ್ಲ. (ಕೈಗೂ ಬಂದಿಲ್ಲ ಎಂದು ತಮ್ಮ ಹೇಳುತ್ತಾನೆ.)

ಮಂಡಕ್ಕಿ ಸುಸಲಾ, ಇಲ್ಲವೇ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಗ್ರಂಥಾಲಯದ ಮೆಟ್ಟಿಲ ಮೇಲೆ ತಿನ್ನುತ್ತೇನೆ. ಈಗ ಗಂಟಲಲ್ಲಿ ಇಳಿಯುತ್ತದೆ. ಬೆಳಗಿನ ಮೊದಲ ಎರಡು ತಾಸು ಓದಿದ್ದು ನಿಲ್ಲುತ್ತದೆ. ಹೋದ ತಿಂಗಳು ಬರೆದ ಒಂದು ಪರೀಕ್ಷೆಯಲ್ಲಿ ಕೈ ನಡುಗಲಿಲ್ಲ. ಫಲಿತಾಂಶ ಬಂದಿಲ್ಲ, ಏನಾಗುತ್ತದೋ.

ಎಲ್ಲ ದಿನ ಹೀಗೇ ಇರುತ್ತದೆಂದು ತಿಳಿಯಬೇಡಿ. ಪರೀಕ್ಷೆಗೆ ಮುಂಚಿನ ಹತ್ತು ದಿನ ಮೊಬೈಲ್ ಮತ್ತೆ ದಿಂಬಿನ ಕೆಳಗೆ ಬಂದಿತ್ತು. ಮುಟ್ಟಿನ ಮೊದಲ ದಿನ ನಾನು ಏಳುವುದೇ ಏಳಕ್ಕೆ. ಏಪ್ರಿಲ್, ಮೇ ತಿಂಗಳ ಕಥೆಯೇ ಬೇರೆ, ರಾತ್ರಿ ಪೂರ್ತಿ ಸೆಕೆಗೆ ನಿದ್ದೆ ಬಾರದು. ಬೆಳಗಿನ ಎಂಟಕ್ಕೇ ಬಿಸಿಲು ಚುರ್ರೆನ್ನುತ್ತದೆ. ಸರ್ಕಾರಿ ಕಚೇರಿಗಳೇ ನಮ್ಮ ಭಾಗದಲ್ಲಿ ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನಾನೂ ಆಗ ಬೆಳಿಗ್ಗೆ ಆರರ ಬಸ್ಸಿಗೆ ಬದಲಾಗುತ್ತೇನೆ, ಕಟ್ಟೆಯ ಚಹಾ ಬಸ್‌ಸ್ಟ್ಯಾಂಡಿನ ಚಹಾ ಆಗುತ್ತದೆ.

ನನ್ನ ಹಳೆಯ ರೂಮ್‌ಮೇಟ್, ಕೊಡ ಹಿಡಿ ಎಂದವಳು, ಈಗ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ತಿಂಗಳಲ್ಲಿ ಹತ್ತು ದಿನ ರಾತ್ರಿ ಪಾಳಿ. ಇದನ್ನೆಲ್ಲ ಹೇಳಿದಾಗ ಬೈದಳು: 'ನನ್ನ ಮುಂಜಾನಿ ಮಧ್ಯಾಹ್ನ ಮೂರಕ್ಕ ಆಗ್ತದ. ನಿನ್ನ ಸೂರ್ಯ ನನಗ್ಯಾಕ?' ಅವಳ ಮಾತು ಸರಿ. ಅವಳು ಎದ್ದ ಮೇಲೆ ಮಾಡುವುದು ಒಂದೇ, ಮುಖ ತೊಳೆದು ಗಚ್ಚಿಗೆ ಹೋಗಿ ಅಲ್ಲಿ ಡಬ್ಬಿಯಲ್ಲಿ ಬೆಳೆಸಿದ ಪುದೀನಕ್ಕೆ ನೀರು ಹಾಕುವುದು. ಆಮೇಲೆ ಫೋನು. ಅವಳಿಗೆ ಅಷ್ಟು ಸಾಕಾಗಿದೆ.

ಇನ್ನೊಂದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ರೊಟ್ಟಿ, ಚಹಾ, ಬಿಸಿಲು ಇವು ಎಲ್ಲಕ್ಕೂ ಔಷಧವಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆಯಿಲ್ಲ, ಊಟ ಸೇರದು, ಬದುಕೇ ಬೇಡ ಎನಿಸಿದರೆ ಅದು ಶಿಸ್ತಿನ ಕೊರತೆಯಲ್ಲ, ಆಗ ಬೇಕಾದ್ದು ವೈದ್ಯರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. 1.25 ಅಂಕದ ಆ ರಾತ್ರಿ ನಾನೂ ಮಾಡಿದ್ದೆ. ಏನು ಮಾತಾಡಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬೆಳಗಾಗುವವರೆಗೆ ಇರಲು ಅದು ಸಾಕಾಯಿತು.

ಅಪ್ಪ ಬಿದ್ದ ಬಾಳೆ ಕಡಿದು, ಬುಡದಲ್ಲಿ ಉಳಿದಿದ್ದ ಕಂದುಗಳಲ್ಲಿ ಗಟ್ಟಿಯಾದವನ್ನು ಬಿಟ್ಟಿದ್ದಾನೆ. ಈಗ ನನ್ನ ಎದೆಯೆತ್ತರ ಬಂದಿವೆ. ಅವನು ಹೇಳಿದ ಒಂದು ವರ್ಷ ಮುಗಿಯಲು ಇನ್ನು ನಾಲ್ಕು ತಿಂಗಳಿದೆ. ಆಮೇಲಿನ ಮಾತನ್ನು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಇದನ್ನು ಬರೆಯುತ್ತಿರುವುದು ರಾತ್ರಿ ಹತ್ತೂಕಾಲಿಗೆ. ನಾಳೆ ನಳ ಬರುವ ದಿನ. ತಮ್ಮ ಅಲಾರಂ ಇಟ್ಟುಕೊಂಡಿದ್ದಾನೆ, ಮೂರು ಇಟ್ಟುಕೊಂಡಿದ್ದಾನೆ. ಮೂರೂ ಬಡಿಯುತ್ತವೆ, ಅವನು ಏಳುವುದಿಲ್ಲ. ಐದೂವರೆಗೆ ನಾನೇ ಹೋಗಿ ಚಾದರ ಎಳೆಯಬೇಕು.